ಗುತ್ತಿಗೆಯ ಬಂದೂಕಿಗೆ ಯಾವ ಕಾನೂನು?

ಯುದ್ಧಭೂಮಿಯಲ್ಲಿ ಸೈನಿಕನೊಬ್ಬ ನಿರಪರಾಧಿಯನ್ನು ಕೊಂದರೆ ಅವನನ್ನು ಕೇಳಲು ಮೇಲಧಿಕಾರಿ ಇದ್ದಾನೆ, ಸೇನಾ ನ್ಯಾಯಾಲಯ ಇದೆ. ಅಲ್ಲಿನ ನಾಗರಿಕನೇ ಕೊಂದರೆ ಅಲ್ಲಿನ ಪೊಲೀಸರಿದ್ದಾರೆ. ಇವೆಲ್ಲ ಸರಿಯಾಗಿ ಕೆಲಸ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ಆದರೆ ಸತ್ತವನ ಮನೆಯವರಿಗೆ ಯಾರ ಬಾಗಿಲು ತಟ್ಟಬೇಕು ಎಂಬುದಾದರೂ ಗೊತ್ತಿರುತ್ತದೆ. ಕೊಂದವನು ಒಂದು ಕಂಪನಿಯ ನೌಕರನಾಗಿದ್ದರೆ? ಅವನಿಗೆ ಸಂಬಳ ಕೊಡುವುದು ಕಂಪನಿ. ಕಂಪನಿಗೆ ಹಣ ಕೊಡುವುದು ಯಾವುದೋ ಸರ್ಕಾರದ ಯಾವುದೋ ಇಲಾಖೆ. ಗುಂಡು ಹಾರಿದ್ದು ಇನ್ನೊಂದು ದೇಶದ ಬೀದಿಯಲ್ಲಿ. ಖಾಸಗಿ ಸೇನಾ ಕಂಪನಿಗಳ ಹೊಣೆಗಾರಿಕೆಯ ಇಡೀ ಚರ್ಚೆ ಗೋಜಲಾಗಿರುವುದು ಈ ಕೊಂಡಿಗಳ ನಡುವಿನ ಸಂದುಗಳಲ್ಲಿ. ಆ ಸಂದುಗಳು ಹೇಗೆ ಹುಟ್ಟಿಕೊಂಡವು ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೂಲಿಗಾಗಿ ಕಾದಾಡುವುದು ಯುದ್ಧದಷ್ಟೇ ಹಳೆಯದು. ಇಟಲಿಯ ನಗರರಾಜ್ಯಗಳು ಕರಾರುಪತ್ರ ಬರೆದೇ ಪಡೆಗಳನ್ನು ತಂದವು. ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಹತ್ತಿಕ್ಕಲು ಬ್ರಿಟನ್ ಜರ್ಮನ್ ಸೈನಿಕರನ್ನು ಬಾಡಿಗೆಗೆ ಪಡೆಯಿತು. 1960ರ ದಶಕದಲ್ಲಿ ಕಾಂಗೋದ ಅಂತರ್ಯುದ್ಧಕ್ಕೆ ಬಿಳಿಯ ಕೂಲಿ ಸೈನಿಕರು ಬಂದಿಳಿದರು. 1976ರಲ್ಲಿ ಅಂಗೋಲಾ ತನ್ನ ಕೈಗೆ ಸಿಕ್ಕ 13 ಮಂದಿಯನ್ನು ಲುವಾಂಡಾದಲ್ಲಿ ವಿಚಾರಣೆಗೆ ಗುರಿಪಡಿಸಿ, ನಾಲ್ವರಿಗೆ ಮರಣದಂಡನೆ ಜಾರಿ ಮಾಡಿತು. ಆಫ್ರಿಕದ ಈ ಸಿಟ್ಟಿನಿಂದಲೇ ಮುಂದಿನ ವರ್ಷ, ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ಗೆ 47ನೇ ವಿಧಿ ಸೇರಿತು.

ಆ ವಿಧಿ ಕೂಲಿ ಸೈನಿಕ ಯಾರು ಎಂದು ಹೇಳಲು ಆರು ಷರತ್ತು ಹಾಕುತ್ತದೆ. ಅವನನ್ನು ಕಾದಾಡಲೆಂದೇ ನೇಮಿಸಿರಬೇಕು, ಅವನು ನೇರವಾಗಿ ಕಾದಾಡಿರಬೇಕು, ಸ್ವಂತ ಲಾಭಕ್ಕಾಗಿ ಸೈನಿಕರಿಗಿಂತ ಬಹಳ ಹೆಚ್ಚು ಸಂಬಳಕ್ಕೆ ಬಂದಿರಬೇಕು, ಯುದ್ಧದಲ್ಲಿರುವ ದೇಶದ ಪ್ರಜೆ ಅಥವಾ ನಿವಾಸಿ ಆಗಿರಬಾರದು, ಆ ದೇಶದ ಸೇನೆಯವನಾಗಿರಬಾರದು, ಬೇರೆ ದೇಶ ಅಧಿಕೃತವಾಗಿ ಕಳಿಸಿದವನೂ ಆಗಿರಬಾರದು. ಆರೂ ಒಟ್ಟಿಗೆ ಹೊಂದಬೇಕು. ಒಂದು ತಪ್ಪಿದರೂ ಅವನು ಕೂಲಿ ಸೈನಿಕನಲ್ಲ. ಇರಾಕಿನಲ್ಲಿ ರಾಯಭಾರಿಗೆ ಕಾವಲಿದ್ದ ಅಮೆರಿಕನ್ ಪ್ರಜೆ ಈ ಜರಡಿಯಲ್ಲಿ ಸಲೀಸಾಗಿ ಜಾರುತ್ತಾನೆ: ಅವನ ದೇಶವೇ ಯುದ್ಧದಲ್ಲಿದೆ, ಅವನ ಕೆಲಸ ಕಾವಲು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರ ಮುಂದೆ ಇಂಥ ವ್ಯಾಖ್ಯೆ ಎಷ್ಟು ದಿನ ನಿಂತೀತು? 1989ರಲ್ಲಿ ವಿಶ್ವಸಂಸ್ಥೆ ಕೂಲಿ ಸೈನಿಕರ ವಿರುದ್ಧ ಪ್ರತ್ಯೇಕ ಒಡಂಬಡಿಕೆಯನ್ನೇ ತಂದಿತು. ಅದು ಜಾರಿಗೆ ಬರಲು 2001ರವರೆಗೆ ಕಾಯಬೇಕಾಯಿತು. ಅಮೆರಿಕ, ಬ್ರಿಟನ್, ರಷ್ಯಾ, ಚೀನಾ ಯಾವುದೂ ಅದರ ಒಳಗಿಲ್ಲ.

ಅಷ್ಟರಲ್ಲಿ ಕೂಲಿ ಸೈನಿಕರ ವೇಷವೇ ಬದಲಾಗಿತ್ತು. ಶೀತಲ ಸಮರ ಮುಗಿದು ಸೇನೆಗಳು ಕಿರಿದಾದವು. ನಿವೃತ್ತ ಸೈನಿಕರು ನೋಂದಾಯಿತ ಕಂಪನಿಗಳಾಗಿ ಮಾರುಕಟ್ಟೆಗೆ ಬಂದರು. ದಕ್ಷಿಣ ಆಫ್ರಿಕದ ಎಕ್ಸಿಕ್ಯೂಟಿವ್ ಔಟ್‌ಕಮ್ಸ್ ಅಂಗೋಲಾ ಮತ್ತು ಸಿಯೆರಾ ಲಿಯೋನ್ ಸರ್ಕಾರಗಳ ಪರವಾಗಿ ಬಹಿರಂಗವಾಗಿಯೇ ಯುದ್ಧ ಮಾಡಿತು. ಬೋಸ್ನಿಯಾದಲ್ಲಿ ಅಮೆರಿಕದ ಗುತ್ತಿಗೆ ಕಂಪನಿಯೊಂದರ ಕೆಲವು ನೌಕರರು ಲೈಂಗಿಕ ಶೋಷಣೆಗಾಗಿ ಹೆಣ್ಣುಮಕ್ಕಳನ್ನು ಮಾರುವ ಜಾಲದಲ್ಲಿ ಸಿಕ್ಕಿಬಿದ್ದಾಗ ಅವರನ್ನು ಊರಿಗೆ ಕಳಿಸಲಾಯಿತು, ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. 2000ದಲ್ಲಿ ಅಮೆರಿಕ ಸಂಸತ್ತು ಒಂದು ಕಾನೂನು ತಂದು, ವಿದೇಶದಲ್ಲಿ ಸೇನೆಯ ಜೊತೆಗಿರುವ ನಾಗರಿಕರು ಗಂಭೀರ ಅಪರಾಧ ಎಸಗಿದರೆ ತನ್ನ ನೆಲದಲ್ಲೇ ವಿಚಾರಣೆ ನಡೆಸುವ ದಾರಿ ಮಾಡಿತು. ಅದರ ಒಂದು ಮಾತು ಮುಂದೆ ಬಹಳ ದುಬಾರಿಯಾಯಿತು: ಕಾನೂನು ಅನ್ವಯಿಸುತ್ತಿದ್ದದ್ದು ರಕ್ಷಣಾ ಇಲಾಖೆಯ ಗುತ್ತಿಗೆದಾರರಿಗೆ ಮಾತ್ರ.

2003ರಲ್ಲಿ ಇರಾಕ್ ಯುದ್ಧ ಬಂತು. 1991ರ ಕೊಲ್ಲಿ ಯುದ್ಧದಲ್ಲಿ ಸುಮಾರು 55 ಸೈನಿಕರಿಗೆ ಒಬ್ಬ ಗುತ್ತಿಗೆ ನೌಕರನಿದ್ದ. 2008ರ ಹೊತ್ತಿಗೆ ಇರಾಕ್ ಮತ್ತು ಸುತ್ತಲಿನ ದೇಶಗಳಲ್ಲಿ ಅಂಥವರ ಸಂಖ್ಯೆ ಕನಿಷ್ಠ 1,90,000 ಎಂದು ಅಮೆರಿಕ ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿತು, ಹೆಚ್ಚುಕಡಿಮೆ ಸೈನಿಕನಿಗೊಬ್ಬ. ಬಂದೂಕು ಹಿಡಿದವರು ಅದರಲ್ಲಿ ಸಣ್ಣ ಪಾಲು. ಉಳಿದವರು ಅಡುಗೆಯವರು, ಲಾರಿ ಚಾಲಕರು, ಬಟ್ಟೆ ಒಗೆಯುವವರು, ಅನೇಕರು ಬಡ ದೇಶಗಳಿಂದ ಉಪಗುತ್ತಿಗೆಯ ಮೇಲೆ ಉಪಗುತ್ತಿಗೆ ದಾಟಿ ಬಂದವರು. 2004ರ ಆಗಸ್ಟ್‌ನಲ್ಲಿ ಅಮೆರಿಕದ ನೆಲೆಯೊಂದಕ್ಕೆ ಕೆಲಸಕ್ಕೆಂದು ಕರೆದೊಯ್ಯುತ್ತಿದ್ದ 12 ನೇಪಾಳಿ ಯುವಕರನ್ನು ಉಗ್ರರು ಅಪಹರಿಸಿ ಕೊಂದರು. ಅವರಲ್ಲಿ ಹಲವರಿಗೆ ಹೇಳಿದ್ದದ್ದು ಜೋರ್ಡಾನಿನ ಹೋಟೆಲ್ ಕೆಲಸ. ಮುಖ್ಯ ಗುತ್ತಿಗೆದಾರನ ವಿರುದ್ಧ ಕುಟುಂಬಗಳು ಅಮೆರಿಕದಲ್ಲಿ ಹೂಡಿದ ದಾವೆ ವರ್ಷಗಟ್ಟಲೆ ನಡೆದು ಬಿದ್ದುಹೋಯಿತು. ಹೊಣೆಗಾರಿಕೆ ಎಂದಾಗ ನಮಗೆ ಬಂದೂಕಿನವರೇ ಕಾಣುತ್ತಾರೆ. ಈ ಹನ್ನೆರಡು ಮಂದಿಯನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು.

ಆ ಬೇಸಿಗೆಯಲ್ಲೇ, 2004ರ ಜೂನ್ 27ರಂದು, ಇರಾಕಿಗೆ ಅಧಿಕಾರ ಹಸ್ತಾಂತರಿಸಲು ಒಂದೇ ದಿನ ಉಳಿದಿದ್ದಾಗ, ಆಕ್ರಮಣಾನಂತರದ ಆಡಳಿತದ ಮುಖ್ಯಸ್ಥ ಪಾಲ್ ಬ್ರೆಮರ್ 17ನೇ ಆದೇಶದ ಪರಿಷ್ಕೃತ ರೂಪಕ್ಕೆ ಸಹಿ ಹಾಕಿದರು. ಗುತ್ತಿಗೆಯ ಷರತ್ತಿನಂತೆ ಮಾಡಿದ ಕೆಲಸಗಳಿಗೆ ವಿದೇಶಿ ಗುತ್ತಿಗೆದಾರರು ಇರಾಕಿ ನ್ಯಾಯಾಲಯಕ್ಕೆ ಉತ್ತರಿಸಬೇಕಿಲ್ಲ ಎಂದಿತು ಅದು. ಅವರವರ ದೇಶ ಬಯಸಿದರೆ ಆ ರಕ್ಷಣೆಯನ್ನು ತೆಗೆಯಬಹುದಿತ್ತು. ಇರಾಕಿನ ಬಾಗಿಲು ಹೀಗೆ ಮುಚ್ಚಿತು. ಅಮೆರಿಕದ ಬಾಗಿಲು ತೆರೆದಿದ್ದರೆ ಅದು ಅಷ್ಟು ದೊಡ್ಡ ಅನ್ಯಾಯವಾಗುತ್ತಿರಲಿಲ್ಲ.

ಅದೇ ವರ್ಷ, ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕನ್ನರು ಕೈದಿಗಳಿಗೆ ಕೊಟ್ಟ ಚಿತ್ರಹಿಂಸೆಯ ಫೋಟೊಗಳು ಹೊರಬಂದವು. ಕೈದಿಗಳ ವಿಚಾರಣೆಗೂ ಭಾಷಾಂತರಕ್ಕೂ ಅಲ್ಲಿ ಖಾಸಗಿ ನೌಕರರಿದ್ದರು. ವಿಚಾರಣಾಧಿಕಾರಿಗಳನ್ನು ತರಿಸಿದ ಗುತ್ತಿಗೆಯನ್ನು ನಿರ್ವಹಿಸುತ್ತಿದ್ದದ್ದು ಅಮೆರಿಕದ ಆಂತರಿಕ ಇಲಾಖೆ, ಅಂದರೆ ಸರ್ಕಾರಿ ಭೂಮಿ, ಗಣಿ, ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಇಲಾಖೆ. ಬಳಸಿದ ಒಪ್ಪಂದ ಮಾಹಿತಿ ತಂತ್ರಜ್ಞಾನ ಸೇವೆಗಳದು. ಮೇಲ್ವಿಚಾರಣೆ ಎಂಬುದು ಎಲ್ಲಿ ಕಳೆದುಹೋಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಕಾಗದವನ್ನೇ ತೋರಿಸುತ್ತೇನೆ. ಸೇನೆಯ ತನಿಖಾ ವರದಿಗಳು ಖಾಸಗಿ ನೌಕರರ ಪಾತ್ರವನ್ನೂ ದಾಖಲಿಸಿದವು. ಆದರೂ 11 ಸೈನಿಕರಿಗೆ ಶಿಕ್ಷೆಯಾಯಿತು, ಒಬ್ಬ ಗುತ್ತಿಗೆ ನೌಕರನ ಮೇಲೂ ಕ್ರಿಮಿನಲ್ ಮೊಕದ್ದಮೆ ಬೀಳಲಿಲ್ಲ. ಮುಜುಗರಗೊಂಡ ಸಂಸತ್ತು ಆ ವರ್ಷದ ಅಕ್ಟೋಬರ್‌ನಲ್ಲಿ 2000ದ ಕಾನೂನನ್ನು ತಿದ್ದಿತು. ಇತರ ಇಲಾಖೆಗಳ ಗುತ್ತಿಗೆದಾರರೂ ಅದರೊಳಗೆ ಬಂದರು, ಆದರೆ 'ರಕ್ಷಣಾ ಇಲಾಖೆಯ ಕಾರ್ಯಕ್ಕೆ ನೆರವಾಗುವ ಮಟ್ಟಿಗೆ' ಮಾತ್ರ. ಇದು ಎರಡನೇ ದುಬಾರಿ ಮಾತು.

2006ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಬಾಗ್ದಾದಿನ ಬಿಗಿ ಕಾವಲಿನ ಸರ್ಕಾರಿ ಪ್ರದೇಶವಾದ ಹಸಿರು ವಲಯದಲ್ಲಿ, ಅಮೆರಿಕದ ಖಾಸಗಿ ಭದ್ರತಾ ಕಂಪನಿ ಬ್ಲ್ಯಾಕ್‌ವಾಟರ್‌ನ ಕುಡಿದಿದ್ದ ನೌಕರನೊಬ್ಬ ಇರಾಕಿ ಉಪಾಧ್ಯಕ್ಷರ ಅಂಗರಕ್ಷಕನನ್ನು ಗುಂಡಿಟ್ಟು ಕೊಂದ. ಎರಡು ದಿನದೊಳಗೆ ಅವನನ್ನು ದೇಶದಿಂದ ಹೊರಗೆ ಕಳಿಸಲಾಯಿತು. ಸತ್ತವನ ಕುಟುಂಬಕ್ಕೆ ಎಷ್ಟು ಪರಿಹಾರ ಎಂಬ ಅಧಿಕಾರಿಗಳ ಮಾತುಕತೆ 2,50,000 ಡಾಲರಿನಿಂದ ಶುರುವಾಗಿ 15,000ಕ್ಕೆ ಇಳಿದದ್ದು ಮುಂದೆ ಸಂಸದೀಯ ಸಮಿತಿಯ ದಾಖಲೆಗಳಲ್ಲಿ ಬಯಲಾಯಿತು. ಮೊಕದ್ದಮೆ ಹೂಡುವುದಿಲ್ಲವೆಂದು ನ್ಯಾಯ ಇಲಾಖೆ ನಂತರ ತೀರ್ಮಾನಿಸಿತು.

2007ರ ಸೆಪ್ಟೆಂಬರ್ 16ರ ಮಧ್ಯಾಹ್ನ ನಡೆದದ್ದು ಈ ಹಿನ್ನೆಲೆಯಲ್ಲೇ. ನಾಲ್ಕು ಶಸ್ತ್ರಸಜ್ಜಿತ ವಾಹನಗಳ ಬ್ಲ್ಯಾಕ್‌ವಾಟರ್ ತಂಡ ಬಾಗ್ದಾದಿನ ನಿಸೂರ್ ವೃತ್ತಕ್ಕೆ ಬಂದು ಸಂಚಾರ ತಡೆದು ನಿಂತಿತು. ಮೊದಲು ಗುಂಡಿಗೆ ಗುರಿಯಾದದ್ದು ಒಂದು ಬಿಳಿ ಕಿಯಾ ಕಾರು. ಓಡಿಸುತ್ತಿದ್ದವನು ವೈದ್ಯಕೀಯ ವಿದ್ಯಾರ್ಥಿ, ಪಕ್ಕದಲ್ಲಿ ಅವನ ತಾಯಿ. ಗುಂಡಿನ ಸುರಿಮಳೆ ನಿಂತಾಗ 17 ಇರಾಕಿ ನಾಗರಿಕರು ಸತ್ತಿದ್ದರು ಎಂದು ಇರಾಕ್ ಸರ್ಕಾರ ಲೆಕ್ಕ ಕೊಟ್ಟಿತು. ಅವರಲ್ಲಿ ಒಬ್ಬ 9 ವರ್ಷದ ಬಾಲಕ. ತಮ್ಮ ಮೇಲೆ ದಾಳಿ ನಡೆಯಿತು ಎಂದರು ಕಾವಲುಗಾರರು. ಕನಿಷ್ಠ 14 ಸಾವುಗಳಿಗೆ ಯಾವ ಸಮರ್ಥನೆಯೂ ಇಲ್ಲ ಎಂದು ಎಫ್‌ಬಿಐ ತನಿಖಾಧಿಕಾರಿಗಳು ಕಂಡುಕೊಂಡರು.

ತನಿಖೆ ಹೇಗೆ ನಡೆಯಿತು ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ 13 ವರ್ಷಗಳ ಬೀಜ ಅಲ್ಲಿದೆ. ಈ ಕಂಪನಿಯ ಗುತ್ತಿಗೆ ಇದ್ದದ್ದು ವಿದೇಶಾಂಗ ಇಲಾಖೆಯ ಜೊತೆ. ಕೂಡಲೇ ಕಾವಲುಗಾರರ ಹೇಳಿಕೆ ಪಡೆದವರೂ ಅದೇ ಇಲಾಖೆಯ ಭದ್ರತಾ ವಿಭಾಗದವರು, ಅದೂ 'ಈ ಹೇಳಿಕೆಯನ್ನು ನಿಮ್ಮ ವಿರುದ್ಧ ಕ್ರಿಮಿನಲ್ ಮೊಕದ್ದಮೆಗೆ ಬಳಸುವುದಿಲ್ಲ' ಎಂಬ ಭರವಸೆ ಕೊಟ್ಟು. ಯಾರ ರಕ್ಷಣೆಗೆ ಆ ಕಾವಲುಗಾರರಿದ್ದರೋ ಅವರೇ ಮೊದಲ ತನಿಖೆಗೂ ಕುಳಿತರು. ಎಫ್‌ಬಿಐ ತಂಡ ಬಾಗ್ದಾದ್ ತಲುಪುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಜನನಿಬಿಡ ವೃತ್ತದಲ್ಲಿ ಎರಡು ವಾರವೆಂದರೆ ಸಾಕ್ಷ್ಯದ ಪಾಲಿಗೆ ಒಂದು ಯುಗ. ಕಂಪನಿಯ ಪರವಾನಗಿ ರದ್ದು ಎಂದು ಇರಾಕ್ ಸರ್ಕಾರ ಘೋಷಿಸಿತು. ಕೆಲವೇ ದಿನಗಳಲ್ಲಿ ಅದೇ ವಾಹನಗಳು ಮತ್ತೆ ರಸ್ತೆಗಿಳಿದವು.

ಅಕ್ಟೋಬರ್‌ನಲ್ಲಿ ಸಂಸದೀಯ ಸಮಿತಿ ಕಂಪನಿಯ ಸ್ಥಾಪಕ ಎರಿಕ್ ಪ್ರಿನ್ಸ್ ಅವರನ್ನು ಕರೆಸಿ ಪ್ರಶ್ನಿಸಿತು. 2005ರಿಂದ 195 ಬಾರಿ ಗುಂಡು ಹಾರಿಸಿದ ಘಟನೆಗಳಿದ್ದು, ಅವುಗಳಲ್ಲಿ ಶೇ 80ಕ್ಕಿಂತ ಹೆಚ್ಚು ಸಲ ಮೊದಲ ಗುಂಡು ಬ್ಲ್ಯಾಕ್‌ವಾಟರ್ ಕಡೆಯದೇ ಎಂದು ಸಮಿತಿಯ ಟಿಪ್ಪಣಿ ಹೇಳಿತು. ವಿದೇಶದಲ್ಲಿರುವ ಎಲ್ಲ ಇಲಾಖೆಗಳ ಗುತ್ತಿಗೆದಾರರನ್ನೂ ಒಂದೇ ಕಾನೂನಿನಡಿ ತರುವ ಮಸೂದೆ ಕೆಳಮನೆಯಲ್ಲಿ 389–30 ಮತಗಳಿಂದ ಗೆದ್ದಿತು. ಸೆನೆಟ್ ದಾಟಲಿಲ್ಲ. ಅದೇ ಆಶಯದ ಮಸೂದೆಗಳನ್ನು ಸೆನೆಟರ್ ಪ್ಯಾಟ್ರಿಕ್ ಲೇಹಿ ಮುಂದೆ ಮತ್ತೆ ಮತ್ತೆ ಮಂಡಿಸಿದರು. ಒಂದೂ ಕಾನೂನಾಗಲಿಲ್ಲ. ವಿರೋಧಿಸಿ ಎದ್ದು ನಿಂತವರು ತೀರಾ ಕಡಿಮೆ, ಪೂರ್ತಿ ಮಾಡಿ ಮುಗಿಸಿದವರು ಯಾರೂ ಇಲ್ಲ.

2008ರ ಡಿಸೆಂಬರ್‌ನಲ್ಲಿ ಐವರ ಮೇಲೆ ದೋಷಾರೋಪ ಹೊರಿಸಲಾಯಿತು. ಒಂದು ವರ್ಷದ ಬಳಿಕ, 2009ರ ಕೊನೆಯ ದಿನ, ನ್ಯಾಯಾಧೀಶರು ಇಡೀ ಪ್ರಕರಣವನ್ನೇ ವಜಾ ಮಾಡಿದರು: ಭರವಸೆ ಕೊಟ್ಟು ಪಡೆದ ಆ ಹೇಳಿಕೆಗಳನ್ನು ಸರ್ಕಾರಿ ವಕೀಲರು ಬಳಸಿಕೊಂಡಿದ್ದರು. ಕಾನೂನಿನ ದೃಷ್ಟಿಯಿಂದ ಆ ತೀರ್ಪನ್ನು ತಪ್ಪೆನ್ನುವುದು ಕಷ್ಟ. ಬಾಗ್ದಾದಿನಲ್ಲಿ ಮಗನನ್ನು ಕಳೆದುಕೊಂಡವರಿಗೆ ಅದನ್ನು ವಿವರಿಸುವುದು ಇನ್ನೂ ಕಷ್ಟ. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಪ್ರಕರಣಕ್ಕೆ ಮರುಜೀವ ಕೊಟ್ಟಿತು. 2014ರ ವಿಚಾರಣೆಗೆ ಸುಮಾರು 30 ಇರಾಕಿ ಸಾಕ್ಷಿಗಳು ವಾಷಿಂಗ್ಟನ್‌ಗೆ ಹೋದರು. 'ನಾವು ನೆರವಾದದ್ದು ವಿದೇಶಾಂಗ ಇಲಾಖೆಗೆ, ರಕ್ಷಣಾ ಇಲಾಖೆಗಲ್ಲ. ಆದ್ದರಿಂದ ಈ ಕಾನೂನು ನಮಗೆ ತಾಗದು' ಎಂಬುದು ಪ್ರತಿವಾದದ ಒಂದು ಮುಖ್ಯ ಎಳೆಯಾಗಿತ್ತು. ಎರಡನೇ ದುಬಾರಿ ಮಾತು ಮರಳಿ ಬಂದಿತ್ತು. ರಾಯಭಾರಿಗಳ ಕಾವಲನ್ನು ಕಂಪನಿ ಹೊತ್ತಿದ್ದರಿಂದಲೇ ಸೈನಿಕರು ಬೇರೆ ಕೆಲಸಕ್ಕೆ ಬಿಡುವಾದರು ಎಂಬ ತರ್ಕದಿಂದ ನ್ಯಾಯಾಲಯಗಳು ಅದನ್ನು ತಳ್ಳಿಹಾಕಿದವು. ಹೊಣೆಗಾರಿಕೆ ಇಷ್ಟು ತೆಳ್ಳಗಿನ ದಾರದಲ್ಲಿ ನೇತಾಡುತ್ತಿತ್ತು.

ಐವರಲ್ಲಿ ನಾಲ್ವರು ವಿಚಾರಣೆ ಎದುರಿಸಿ ತಪ್ಪಿತಸ್ಥರಾದರು: ಒಬ್ಬನಿಗೆ ಕೊಲೆಗಾಗಿ ಜೀವಾವಧಿ, ಮೂವರಿಗೆ ತಲಾ 30 ವರ್ಷ. 2017ರಲ್ಲಿ ಮೇಲ್ಮನವಿಯಲ್ಲಿ ಮೊದಲನೆಯವನ ಶಿಕ್ಷೆ ರದ್ದಾಗಿ ಮರುವಿಚಾರಣೆ ನಡೆದು ಮತ್ತೆ ಜೀವಾವಧಿ ಆಯಿತು. ಉಳಿದವರ ಶಿಕ್ಷೆ ಅರ್ಧದಷ್ಟಕ್ಕೆ ಇಳಿಯಿತು. 2020ರ ಡಿಸೆಂಬರ್ 22ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ನಾಲ್ವರಿಗೂ ಕ್ಷಮಾದಾನ ನೀಡಿದರು. ಇದು ಅಂತಾರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಎಂದು ವಿಶ್ವಸಂಸ್ಥೆಯ ತಜ್ಞರ ಕಾರ್ಯತಂಡ ಹೇಳಿತು. ಆದರೆ ಕ್ಷಮಾದಾನವನ್ನು ಹಿಂತೆಗೆಸುವ ಅಧಿಕಾರ ಯಾವ ಅಂತಾರಾಷ್ಟ್ರೀಯ ವೇದಿಕೆಗೂ ಇಲ್ಲ.

ಈ ನಡುವೆ ಬದಲಾದದ್ದೇನೂ ಇಲ್ಲ ಎನ್ನಲಾಗದು. 2009ರ ಜನವರಿಯಿಂದ ಇರಾಕ್ ಮತ್ತು ಅಮೆರಿಕದ ಹೊಸ ಒಪ್ಪಂದ ಜಾರಿಗೆ ಬಂದು, ಅಮೆರಿಕದ ಗುತ್ತಿಗೆದಾರರು ಇರಾಕಿ ನ್ಯಾಯವ್ಯಾಪ್ತಿಗೆ ಒಳಪಟ್ಟರು. ಅದಕ್ಕೂ ಮೊದಲು, ನಿಸೂರ್ ಘಟನೆಯ ಒಂದು ವರ್ಷದ ಬಳಿಕ, 2008ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್ ಮತ್ತು ರೆಡ್‌ಕ್ರಾಸ್ ಅಂತಾರಾಷ್ಟ್ರೀಯ ಸಮಿತಿಯ ಮುತುವರ್ಜಿಯಲ್ಲಿ 17 ದೇಶಗಳು ಮಾಂಟ್ರೊ ದಾಖಲೆಯನ್ನು ಒಪ್ಪಿದವು. ಗುತ್ತಿಗೆ ಕೊಡುವ ದೇಶ, ಕೆಲಸ ನಡೆಯುವ ದೇಶ, ಕಂಪನಿ ನೋಂದಾಯಿತವಾದ ದೇಶ, ಮೂರರ ಕರ್ತವ್ಯಗಳನ್ನೂ ಅದು ಬಿಡಿಸಿ ಹೇಳುತ್ತದೆ. ಈಗಾಗಲೇ ಇರುವ ಕಾನೂನನ್ನು ನೆನಪಿಸುವುದಷ್ಟೇ ಅದರ ಶಕ್ತಿ. ಹೊಸ ಬಂಧನವೇನೂ ಇಲ್ಲ. 2010ರಲ್ಲಿ ಕಂಪನಿಗಳಿಗೇ ಒಂದು ನೀತಿಸಂಹಿತೆ ಬಂತು, 2013ರಲ್ಲಿ ಅದರ ಉಸ್ತುವಾರಿಗೆ ಜಿನೀವಾದಲ್ಲಿ ಸಂಘವೂ ಹುಟ್ಟಿತು. ಅಲ್ಲಿ ಸದಸ್ಯತ್ವ ಐಚ್ಛಿಕ. ಅತಿ ದೊಡ್ಡ ಶಿಕ್ಷೆಯೆಂದರೆ ಸದಸ್ಯತ್ವ ಹೋಗುವುದು.

ಇಷ್ಟಕ್ಕೂ ಇದೆಲ್ಲ ಕಂಪನಿ ಎಂಬುದೊಂದಿದೆ ಎಂದು ಒಪ್ಪಿಕೊಳ್ಳುವ ವ್ಯವಸ್ಥೆಯ ಕಥೆ. ರಷ್ಯಾದ ಖಾಸಗಿ ಸೇನೆ ವ್ಯಾಗ್ನರ್ ವಿಷಯದಲ್ಲಿ ಅದೂ ಇರಲಿಲ್ಲ. ಕೂಲಿ ಸೈನಿಕತನ ರಷ್ಯಾದ ದಂಡಸಂಹಿತೆಯ 359ನೇ ವಿಧಿಯಡಿ ಅಪರಾಧ; ವ್ಯಾಗ್ನರ್ ಉಕ್ರೇನ್, ಸಿರಿಯಾ, ಲಿಬಿಯಾ, ಮಧ್ಯ ಆಫ್ರಿಕ ಗಣರಾಜ್ಯಗಳಲ್ಲಿ ವರ್ಷಗಟ್ಟಲೆ ಯುದ್ಧ ಮಾಡಿದರೂ ಕಾಗದದ ಮೇಲೆ ಅದು ಇರಲೇ ಇಲ್ಲ. 2022ರ ಮಾರ್ಚ್‌ನಲ್ಲಿ ಮಾಲಿಯ ಮೌರಾ ಗ್ರಾಮದಲ್ಲಿ ಸ್ಥಳೀಯ ಸೈನಿಕರೂ 'ವಿದೇಶಿ ಸೇನಾ ಸಿಬ್ಬಂದಿ'ಯೂ ಸೇರಿ ಕನಿಷ್ಠ 500 ಮಂದಿಯನ್ನು ಕೊಂದರೆಂದು ವಿಶ್ವಸಂಸ್ಥೆಯ ವರದಿ ಹೇಳಿತು. 2023ರ ಜೂನ್‌ನಲ್ಲಿ ವ್ಯಾಗ್ನರ್ ಮುಖ್ಯಸ್ಥ ಯೆವ್ಗೆನಿ ಪ್ರಿಗೋಝಿನ್ ದಂಗೆ ಎದ್ದು ಹಿಂದೆ ಸರಿದ ಕೆಲವೇ ದಿನಗಳಲ್ಲಿ ಅಧ್ಯಕ್ಷ ಪುಟಿನ್, ವ್ಯಾಗ್ನರ್‌ನ ಖರ್ಚನ್ನು ಪೂರ್ತಿ ಸರ್ಕಾರವೇ ಭರಿಸಿತ್ತು ಎಂದು ಬಹಿರಂಗವಾಗಿ ಹೇಳಿದರು. ಹಾಗಾದರೆ ಮೌರಾದ ಸಾವುಗಳ ಹೊಣೆ ಯಾರ ಲೆಕ್ಕಕ್ಕೆ? ಆ ಆಗಸ್ಟ್‌ನಲ್ಲಿ ಪ್ರಿಗೋಝಿನ್ ವಿಮಾನ ಪತನದಲ್ಲಿ ಸತ್ತರು. ಆಫ್ರಿಕದ ಕೆಲಸ ರಕ್ಷಣಾ ಸಚಿವಾಲಯದ ಅಧೀನದ 'ಆಫ್ರಿಕ ಕೋರ್' ಎಂಬ ಹೆಸರಿಗೆ ಹೋಯಿತು.

ಅಬು ಘ್ರೈಬ್ ಪ್ರಕರಣದ ಒಂದು ಎಳೆ ಮಾತ್ರ ಕಡಿಯದೆ ಉಳಿದಿತ್ತು. ಅಲ್ಲಿ ಬಂಧನದಲ್ಲಿದ್ದ ಮೂವರು ಇರಾಕಿಗಳು, ಒಬ್ಬ ಶಾಲಾ ಮುಖ್ಯೋಪಾಧ್ಯಾಯ, ಒಬ್ಬ ಪತ್ರಕರ್ತ, ಒಬ್ಬ ಹಣ್ಣಿನ ವ್ಯಾಪಾರಿ, ವಿಚಾರಣಾಧಿಕಾರಿಗಳನ್ನು ಒದಗಿಸಿದ್ದ ಸಿಎಸಿಐ ಕಂಪನಿಯ ಮೇಲೆ ಹೂಡಿದ್ದ ಸಿವಿಲ್ ದಾವೆ 2008ರಿಂದ ಮತ್ತೆ ಮತ್ತೆ ವಜಾ ಆಗುತ್ತ, ಮತ್ತೆ ಮತ್ತೆ ಜೀವ ಪಡೆಯುತ್ತ ಬಂತು. ನಮ್ಮ ನೌಕರರು ಆ ಹೊತ್ತಿಗೆ ಸೇನೆಯ ಹಿಡಿತದಲ್ಲಿದ್ದರು, ಆದ್ದರಿಂದ ಹೊಣೆ ಸೇನೆಯದು ಎಂದು ಕಂಪನಿ ವಾದಿಸಿತು. 2024ರ ವಸಂತದಲ್ಲಿ ಜ್ಯೂರಿ ಒಮ್ಮತಕ್ಕೆ ಬಾರದೆ ವಿಚಾರಣೆ ಮುರಿದುಬಿತ್ತು. ಅದೇ ನವೆಂಬರ್‌ನಲ್ಲಿ ವರ್ಜೀನಿಯಾದ ಇನ್ನೊಂದು ಜ್ಯೂರಿ ಕಂಪನಿಯನ್ನು ಹೊಣೆ ಮಾಡಿ, ಮೂವರಿಗೂ ಸೇರಿ 4.2 ಕೋಟಿ ಡಾಲರ್ ಕೊಡಬೇಕೆಂದಿತು. ಮೂವರಲ್ಲಿ ಪತ್ರಕರ್ತ ನ್ಯಾಯಾಲಯಕ್ಕೆ ಖುದ್ದಾಗಿ ಬಂದು ಸಾಕ್ಷಿ ನುಡಿದಿದ್ದರು. ಉಳಿದಿಬ್ಬರು ಇರಾಕಿನಿಂದಲೇ ವಿಡಿಯೊ ಮೂಲಕ ಮಾತಾಡಿದರು. ಅವರನ್ನು ಬಂಧಿಸಿ ಆಗ 20 ವರ್ಷ ದಾಟಿತ್ತು.