ಶವರ್‌ನಲ್ಲಿ ನೀರು ಜೋರಾಗಿ ಬರಲು ಪೈಪು ಯಾವ ಸೈಜಿರಬೇಕು?

ಪೈಪು ಸಣ್ಣದಾದಷ್ಟೂ ಫೋರ್ಸ್ ಜಾಸ್ತಿ ಅಂತ ನಾನೂ ಬಹಳ ದಿನ ನಂಬಿದ್ದೆ. ಗಿಡಗಳಿಗೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರಕ್ಕೆ ಚಿಮ್ಮುತ್ತದೆ ಅಲ್ವಾ? ಅದನ್ನು ನೋಡಿಯೇ ಈ ನಂಬಿಕೆ ಹುಟ್ಟುವುದು.

ಆದರೆ ಅಲ್ಲಿ ಕಿರಿದಾಗುವುದು ಬಾಯಿ ಮಾತ್ರ. ಹಿಂದಿನ ಪೈಪು ಅಗಲವಾಗಿಯೇ ಇರುತ್ತದೆ. ಹೊರಗೆ ಬೀಳುವ ನೀರು ಕಡಿಮೆಯಾದಾಗ ಪೈಪಿನೊಳಗೆ ನೀರು ನಿಧಾನವಾಗಿ ಹರಿಯುತ್ತದೆ, ಗೋಡೆಗೆ ಉಜ್ಜಿ ಹಾಳಾಗುವ ಒತ್ತಡವೂ ಕಡಿಮೆಯಾಗುತ್ತದೆ. ಆ ಒತ್ತಡ ಬೆರಳಿನವರೆಗೂ ಉಳಿದು ಬರುತ್ತದೆ. ಪೈಪನ್ನೇ ಉದ್ದಕ್ಕೂ ಸಣ್ಣದು ಮಾಡಿದರೆ ಉಲ್ಟಾ, ಒತ್ತಡ ದಾರಿಯಲ್ಲೇ ಖರ್ಚಾಗುತ್ತದೆ. ಬೆರಳಿನ ಕೆಲಸವನ್ನು ಶವರಿನ ತೂತುಗಳು ಹೇಗೂ ಮಾಡುತ್ತವೆ.

ಮಾಳಿಗೆಯ ಟ್ಯಾಂಕಿನಿಂದ ಬರುವ ನೀರಿಗೆ ಒತ್ತಡ ಕೊಡುವುದು ಎತ್ತರ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಟ್ಯಾಂಕಿನ ನೀರು ಶವರಿಗಿಂತ 3 ಮೀಟರ್ ಮೇಲಿದ್ದರೆ ನಮ್ಮ ಬಂಡವಾಳ 0.3 ಬಾರ್, ಅಷ್ಟೇ. ನಲ್ಲಿ ಮುಚ್ಚಿದ್ದಾಗ ಯಾವ ಸೈಜಿನ ಪೈಪಾದರೂ ಒತ್ತಡ ಒಂದೇ. ನೀರು ಹರಿಯಲು ಶುರುವಾದ ಮೇಲೆ ಸೈಜಿನ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಅರ್ಧ ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪಿನ ಒಂದು ತುಂಡು ತೆಗೆದುಕೊಂಡು ಕ್ಯಾಲಿಪರ್ ಹಿಡಿಯಿರಿ. ಹೊರಗೆ 15.9 ಮಿ.ಮೀ. ಇರುತ್ತದೆ. ಎಸ್‌ಡಿಆರ್ 11 ದರ್ಜೆಯದಾದರೆ (ಎಸ್‌ಡಿಆರ್ ಅಂದರೆ ಪೈಪಿನ ಗೋಡೆ ಎಷ್ಟು ದಪ್ಪ ಅಂತ ಹೇಳುವ ದರ್ಜೆ) ಒಳಗೆ ಬರೀ 12.4 ಮಿ.ಮೀ.ನಷ್ಟು. ಮುಕ್ಕಾಲು ಇಂಚಿನದರಲ್ಲಿ ಒಳಗೆ ಸುಮಾರು 18 ಮಿ.ಮೀ. ಲೆಕ್ಕಕ್ಕೆ ಬೇಕಾದದ್ದು ಈ ಒಳಅಳತೆ. ಯಾಕಂದರೆ ಅಷ್ಟೇ ನೀರು ಹರಿಯುವಾಗ, ಉಜ್ಜಾಟದ ನಷ್ಟ ಒಳಅಳತೆಯ ಹೆಚ್ಚುಕಡಿಮೆ ಐದನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಇದು ನನಗೆ ನಿಜಕ್ಕೂ ಬೆರಗು ಹುಟ್ಟಿಸಿದ ಸಂಗತಿ. ಒಳಅಳತೆ ಒಂದೂವರೆ ಪಟ್ಟೂ ಆಗಿಲ್ಲ, ನಷ್ಟ ಮಾತ್ರ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ!

ನಿಮಿಷಕ್ಕೆ 10 ಲೀಟರ್ ಬೇಕು, ಪೈಪಿನ ಉದ್ದ 10 ಮೀಟರ್ ಅಂದುಕೊಳ್ಳಿ. ಉಜ್ಜಾಟದ ನಷ್ಟವನ್ನು ನೀರಿನ ಎತ್ತರದ ಮೀಟರಿನಲ್ಲೇ ಲೆಕ್ಕ ಹಾಕಿಕೊಡುವ ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ ಅರ್ಧ ಇಂಚಿಗೆ ನಷ್ಟ ಸುಮಾರು 1.9 ಮೀಟರ್, ಮುಕ್ಕಾಲು ಇಂಚಿಗೆ 0.3 ಮೀಟರ್. ನಮ್ಮ 3 ಮೀಟರಿನಲ್ಲಿ ಮೊದಲನೆಯದರಲ್ಲಿ 1.1 ಮೀಟರ್ ಉಳಿಯಿತು, ಎರಡನೆಯದರಲ್ಲಿ 2.7. ಆ 1.1 ಮೀಟರಿಗೆ ಶವರಿನ ತೂತುಗಳಿಂದ 10 ಲೀಟರ್ ನೂಕಲು ಆಗದಿದ್ದರೆ ಹರಿವೇ ತಗ್ಗುತ್ತದೆ. ಆಗಲೇ ನಾವು "ಫೋರ್ಸ್ ಇಲ್ಲ" ಅನ್ನುವುದು.

ಪೈಪು ತಿರುಗುವ ಮೂಲೆಯಲ್ಲಿ ಹಾಕುವ ಎಲ್ಬೋಗಳನ್ನೂ ಎಣಿಸಿ. ಅರ್ಧ ಇಂಚಿನ ಮೂರು ಎಲ್ಬೋ ಅಂದರೆ ಸುಮಾರು ಒಂದು ಮೀಟರ್ ಪೈಪು ಜಾಸ್ತಿ ಹಾಕಿದ ಹಾಗೆ. ಒಳಗೆ ನೀರನ್ನು ಅಂಕುಡೊಂಕಾಗಿ ಹರಿಸುವ ಗ್ಲೋಬ್ ವಾಲ್ವ್ ಒಂದೇ ನಾಲ್ಕು ಮೀಟರ್ ಪೈಪಿನಷ್ಟು ತಡೆಯುತ್ತದೆ. ತೂತಿರುವ ಗುಂಡು ತಿರುಗಿಸಿ ತೆರೆಯುವ ಬಾಲ್ ವಾಲ್ವ್ ಪೂರ್ತಿ ತೆರೆದಾಗ ತಡೆ ಬಹಳ ಕಡಿಮೆ, ಜಾಗ ಇದ್ದಲ್ಲಿ ಅದನ್ನೇ ಹಾಕಿ.

ಹಾಗಂತ ಎಲ್ಲಾ ಕಡೆ ದಪ್ಪ ಪೈಪು ಬೇಡ. ನಷ್ಟ ಉದ್ದಕ್ಕೆ ತಕ್ಕಂತೆ ಬೆಳೆಯುವುದರಿಂದ ಟ್ಯಾಂಕಿನಿಂದ ಬಾತ್‌ರೂಮಿನವರೆಗಿನ ಉದ್ದದ ಓಟಕ್ಕೆ ದೊಡ್ಡದು ಹಾಕಿ, ಶವರಿಗೆ ಏರುವ ಕೊನೆಯ ಒಂದು ಮೀಟರ್ ಅರ್ಧ ಇಂಚು ಇದ್ದರೂ ನಡೆಯುತ್ತದೆ. ಎರಡು ಬಾತ್‌ರೂಮ್ ಒಟ್ಟಿಗೆ ಬಳಸುವ ಮನೆಯಲ್ಲಿ ಇಳಿಯುವ ಮುಖ್ಯ ಪೈಪು ಒಂದು ಇಂಚಾದರೂ ಇರಲಿ. ಗೀಸರಿನಿಂದ ಬರುವ ಬಿಸಿನೀರಿನ ಲೈನ್ ಮಾತ್ರ ಸುಮ್ನೆ ದಪ್ಪ ಮಾಡಬೇಡಿ. 10 ಮೀಟರ್ ಮುಕ್ಕಾಲು ಇಂಚಿನ ಪೈಪಿನಲ್ಲಿ ಸುಮಾರು 2.6 ಲೀಟರ್ ತಣ್ಣೀರು ನಿಂತಿರುತ್ತದೆ, ಬಿಸಿನೀರು ಬರುವ ಮುಂಚೆ ಅದೆಲ್ಲ ಹೊರಗೆ ಹೋಗಬೇಕು. ಅರ್ಧ ಇಂಚಿನಲ್ಲಿ 1.2 ಲೀಟರ್.

ಗೋಡೆ ಒಡೆಯುವ ಮುಂಚೆ ಶವರ್ ತಲೆ ಬಿಚ್ಚಿ, ಬಕೆಟ್ ಹಿಡಿದು, ತುಂಬಲು ಎಷ್ಟು ಹೊತ್ತಾಗುತ್ತದೆ ನೋಡಿ. ಬಿಚ್ಚಿದಾಗ ಬೇಗ ತುಂಬಿ, ತಲೆ ಹಾಕಿದ ಮೇಲೆ ತುಂಬಾ ಹೊತ್ತು ಹಿಡಿದರೆ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟಿದೆಯೇ ಅಂತ ಮೊದಲು ನೋಡಿ. ಕಟ್ಟಿದ್ದರೆ ಸ್ವಲ್ಪ ಹೊತ್ತು ವಿನಿಗರಿನಲ್ಲಿ ನೆನೆಸಿಟ್ಟು ಉಜ್ಜಿ, ಮತ್ತೆ ಬಕೆಟ್ ಹಿಡಿಯಿರಿ.