ಹೊಲಿಗೆ ಯಂತ್ರ ಕೊಡಿಸಿದರೆ ಸಾಕೇ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಮಹಿಳಾ ಸಂಘದಲ್ಲಿ ಸ್ವಲ್ಪ ಹಣ ಉಳಿದಿದೆ. ಪಕ್ಕದ ಬಡಾವಣೆಯಲ್ಲಿ ಬೇರೆ ದೇಶಗಳಿಂದ ತಪ್ಪಿಸಿಕೊಂಡು ಬಂದಿರುವ ಕೆಲವು ಕುಟುಂಬಗಳಿವೆ. ಆ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಕೊಡಿಸಿ, ಏನಾದರೂ ಕೈಕೆಲಸ ಕಲಿಸಿ, ನಾಲ್ಕು ಕಾಸು ಸಂಪಾದಿಸುವಂತೆ ಮಾಡಬೇಕೆಂದಿದ್ದೇವೆ. ಇದು ಸರಿಯಾದ ದಾರಿಯೇ? ಕಾನೂನಿನ ತೊಡಕು ಏನಾದರೂ ಇದೆಯೇ?

ಉತ್ತರ: ಸದ್ಯಕ್ಕೆ ಯಂತ್ರ ಬೇಡ, ತರಬೇತಿಯೂ ಬೇಡ. ಆ ಹಣವನ್ನು ಮುಂಗಡವಾಗಿ ಕೊಟ್ಟು ಏನಾದರೊಂದು ಆರ್ಡರ್ ಮಾಡಿ.

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಆಗಾಗ ಬರುತ್ತದೆ. ಸಂಘದವರಿರಲಿ, ಕಾಲೇಜಿನ ಎನ್ನೆಸ್ಸೆಸ್ ಘಟಕದವರಿರಲಿ, ಕಂಪನಿಯ ಸಿಎಸ್ಆರ್ ವಿಭಾಗದವರಿರಲಿ, ಎಲ್ಲರ ಮನಸ್ಸೂ ಮೊದಲು ಹೋಗುವುದು ಹೊಲಿಗೆ ಯಂತ್ರದ ಕಡೆಗೆ. ಹಂಚುವ ದಿನ ಫೋಟೊ ಚೆನ್ನಾಗಿ ಬರುತ್ತದೆ, ಲೆಕ್ಕ ಬರೆಯುವುದಕ್ಕೂ ಸುಲಭ. ಆದರೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದಾರು ಜನರಿರುವಾಗ ಆ ಯಂತ್ರವನ್ನು ಎಲ್ಲಿಡುವುದು ಎಂಬುದೇ ಮೊದಲ ಸಮಸ್ಯೆ. ಇಟ್ಟ ಮೇಲೂ ಬೀದಿಯ ಕೊನೆಯಲ್ಲಿರುವ ಟೈಲರ್ ಜೊತೆ ಭಾಷೆ ಬಾರದ ಹೆಂಗಸು ಹೇಗೆ ಪೈಪೋಟಿ ಮಾಡಬೇಕು? ಬಾಡಿಗೆ ಕಟ್ಟುವ ದಿನ ಬಂದಾಗ ಆ ಯಂತ್ರ ಮಾರಾಟವಾಗಿಬಿಟ್ಟರೆ ಆಕೆಯನ್ನು ದೂರುವಂತಿಲ್ಲ.

ಇನ್ನು ಕಲಿಸುವ ಮಾತು. ಈ ಹೆಣ್ಣುಮಕ್ಕಳಲ್ಲಿ ಅನೇಕರು ನಮಗೇ ಕಲಿಸಬಲ್ಲರು. ಅಫ್ಘಾನಿಸ್ತಾನದ ಕಂದಹಾರ್ ಕಡೆಯ ಹೆಂಗಸರು ಬಟ್ಟೆಯ ಎಳೆ ಎಣಿಸಿ ರೇಷ್ಮೆ ದಾರದಲ್ಲಿ ಹಾಕುವ ‘ಖಾಮಕ್’ ಕಸೂತಿಯನ್ನು ನೋಡಿದರೆ ಕಸೂತಿ ಹಾಕುವ ನಮ್ಮ ಧಾರವಾಡದ ಅಜ್ಜಿಯಂದಿರು ಖಂಡಿತ ತಲೆದೂಗುತ್ತಾರೆ. ಇಬ್ಬರದ್ದೂ ಎಳೆ ಎಣಿಸುವ ಕುಲವೇ. ಮ್ಯಾನ್ಮಾರಿನ ಚಿನ್ ಸಮುದಾಯದ ಹೆಂಗಸರು ಸೊಂಟಕ್ಕೆ ಕಟ್ಟಿಕೊಂಡು ನೇಯುವ ಪುಟ್ಟ ಮಗ್ಗವನ್ನು ಸುತ್ತಿ ಮೂಲೆಯಲ್ಲಿಡಬಹುದು. ಶ್ರೀಲಂಕಾದ ತಮಿಳು ಹೆಂಗಸರಿಗೆ ತಾಳೆಗರಿಯ ಹೆಣಿಗೆ ಗೊತ್ತಿರುತ್ತದೆ. ಕ್ರೋಶೆ ಮತ್ತು ಉಣ್ಣೆಯ ಹೆಣಿಗೆ ಬಲ್ಲವರು ಎಲ್ಲ ಕಡೆಯೂ ಇದ್ದಾರೆ. ಹೀಗಿರುವಾಗ ‘ನಮ್ಮ ಧಾರವಾಡದ ಕಸೂತಿ ಕಲಿಸೋಣ’ ಎಂದು ಹೊರಡುವುದು ನನಗೆ ಸರಿಕಾಣುವುದಿಲ್ಲ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಆ ಕಲೆಯನ್ನೇ ನಂಬಿಕೊಂಡ ಹೆಂಗಸರು ಉತ್ತರ ಕರ್ನಾಟಕದಲ್ಲಿ ಇನ್ನೂ ಇದ್ದಾರೆ. ಅವರ ಬುಟ್ಟಿಗೆ ಕೈಹಾಕಿ ಇನ್ನೊಬ್ಬರ ಬುಟ್ಟಿ ತುಂಬಿಸಬೇಕಾಗಿಲ್ಲ. ಹಾಗೆಂದು ವಲಸೆ ಬಂದವರೆಲ್ಲ ಕೈಕೆಲಸ ಬಲ್ಲವರು ಎಂದೂ ಭಾವಿಸಬೇಡಿ. ಅವರಲ್ಲಿ ಶಿಕ್ಷಕಿಯರು, ದಾದಿಯರು, ಓದು ಅರ್ಧಕ್ಕೆ ನಿಂತ ವಿದ್ಯಾರ್ಥಿನಿಯರೂ ಇರಬಹುದು. ಸೂಜಿ ಹಿಡಿಯಲು ಇಷ್ಟವಿಲ್ಲದವಳ ಕೈಗೆ ಸೂಜಿ ಕೊಡುವುದು ಸಹಾಯವಲ್ಲ. ಮೊದಲು ಕೇಳಿ.

ಕಾನೂನಿನ ವಿಷಯ ಸ್ವಲ್ಪ ಜಟಿಲವಾಗಿದೆ, ಬಿಡಿಸಿ ಹೇಳುತ್ತೇನೆ. ಭಾರತ 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲ, 1967ರ ಪೂರಕ ಒಡಂಬಡಿಕೆಗೂ ಸೇರಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. ಮೊದಲು 1946ರ ವಿದೇಶಿಯರ ಕಾಯ್ದೆ ಅವರಿಗೆ ಅನ್ವಯಿಸುತ್ತಿತ್ತು; 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಅದರ ಜಾಗಕ್ಕೆ ಬಂದಿದೆ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಪ್ರಜೆಗಳಲ್ಲದವರಿಗೂ ಉಂಟು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ಇಷ್ಟವಾದ ವೃತ್ತಿ ನಡೆಸುವ ಹಕ್ಕು ಇರುವುದು 19ನೇ ವಿಧಿಯಲ್ಲಿ, ಅದು ಪ್ರಜೆಗಳಿಗೆ ಮಾತ್ರ. ಬದುಕಲು ಹಕ್ಕುಂಟು, ದುಡಿಯಲು ಅನುಮತಿ ಬೇಕು ಎಂಬ ಈ ಇಕ್ಕಟ್ಟಿನಲ್ಲೇ ಅವರ ದಿನಗಳು ಸಾಗುತ್ತವೆ.

ಆದ್ದರಿಂದ ಕೈಯಲ್ಲಿ ಯಾವ ಕಾಗದವಿದೆ ಎಂಬುದೇ ಮುಖ್ಯ. ಟಿಬೆಟನ್ನರಿಗೆ ನೋಂದಣಿ ಪ್ರಮಾಣಪತ್ರವಿರುತ್ತದೆ. ವ್ಯಾಪಾರ, ಪರವಾನಗಿ ಮುಂತಾದವುಗಳಲ್ಲಿ ಅವರಿಗೆ ಅನುಕೂಲ ಮಾಡಿಕೊಡಲು 2014ರಲ್ಲಿ ಕೇಂದ್ರವು ಟಿಬೆಟನ್ ಪುನರ್ವಸತಿ ನೀತಿ ತಂದಿತು. ಬೇರೆ ದೇಶದವರ ವಿಷಯದಲ್ಲಿ 2011ರ ಡಿಸೆಂಬರಿನಲ್ಲಿ ಗೃಹ ಸಚಿವಾಲಯ ಹೊರಡಿಸಿದ ಕಾರ್ಯವಿಧಾನವೊಂದಿದೆ. ಅದರಂತೆ ದೀರ್ಘಾವಧಿ ವೀಸಾ ಸಿಕ್ಕವರು ಖಾಸಗಿ ವಲಯದಲ್ಲಿ ದುಡಿಯಬಹುದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಗುರುತಿನ ಚೀಟಿ ಬೆಲೆಬಾಳುವಂಥದ್ದೇ, ಆದರೆ ಅದೊಂದೇ ಕೆಲಸದ ಪರವಾನಗಿಯಾಗದು. ಓದಲೆಂದು ಬಂದು 2021ರಲ್ಲಿ ಕಾಬೂಲ್ ತಾಲಿಬಾನಿನ ವಶವಾದ ಮೇಲೆ ಹಿಂತಿರುಗಲಾಗದೆ ಉಳಿದ ಅಫ್ಘನ್ ವಿದ್ಯಾರ್ಥಿಗಳೂ ನಮ್ಮ ನಗರದಲ್ಲಿದ್ದರು. ವಿದ್ಯಾರ್ಥಿ ವೀಸಾದಲ್ಲಿ ದುಡಿದು ಗಳಿಸುವಂತಿಲ್ಲ. ಇಂಥವರಿಗೆ ನೀವು ಆತುರಪಟ್ಟು ವ್ಯಾಪಾರ ಹಚ್ಚಿಕೊಟ್ಟರೆ ಏಟು ಮೊದಲು ಬೀಳುವುದು ಅವರಿಗೆ, ನಿಮಗಲ್ಲ.

ವಿದೇಶಿಯರ ನೋಂದಣಿ ಕಚೇರಿ ಬೆಂಗಳೂರಿನಲ್ಲಿ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿದೆ. ಆದರೆ ಅವರ ಹೆಸರು ಹಿಡಿದು ನೀವಾಗಿಯೇ ಅಲ್ಲಿಗೆ ವಿಚಾರಿಸಲು ಹೋಗಬೇಡಿ. ಮೊದಲು ಒಬ್ಬ ವಕೀಲರು ಕಾಗದ ನೋಡಲಿ. ಉಚಿತ ಕಾನೂನು ನೆರವು ಯಾರಿಗೆ ಎಂದು ಹೇಳುವ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ‘ಮಹಿಳೆ’ ಎಂದಷ್ಟೇ ಇದೆ. ಆದಾಯದ ಮಿತಿಯನ್ನಾಗಲಿ ಪೌರತ್ವವನ್ನಾಗಲಿ ಅದು ಕೇಳುವುದಿಲ್ಲ.

ಕಾಗದ ಸರಿಯಿದೆ ಎಂದುಕೊಳ್ಳೋಣ. ಏನು ಮಾಡಿಸಬೇಕು? ಇಲ್ಲಿ ಎಲ್ಲರೂ ಎಡವುವುದು ಬೆಲೆಯ ಲೆಕ್ಕದಲ್ಲಿ. ಉದಾಹರಣೆಗೆ, ಮೈತುಂಬ ಕಸೂತಿಯಿರುವ ಒಂದು ದಿಂಬಿನ ಕವರ್‌ಗೆ 14 ಗಂಟೆ ಹಿಡಿಯುತ್ತದೆ ಎನ್ನೋಣ. ಗಂಟೆಗೆ 80 ರೂಪಾಯಿಯಂತೆ ಕೂಲಿಯೇ 1,120 ರೂಪಾಯಿ. ಬಟ್ಟೆ ಮತ್ತು ದಾರಕ್ಕೆ 220. ಒಟ್ಟು 1,340. ಅದನ್ನು ಅಂಗಡಿಯಲ್ಲಿಟ್ಟು, ಅಂಗಡಿಯವರು ಮಾರುವ ಬೆಲೆಯಲ್ಲಿ ಶೇಕಡಾ 40 ಇಟ್ಟುಕೊಂಡರೆ, ಬೆಲೆಚೀಟಿಯಲ್ಲಿ 2,230ಕ್ಕಿಂತ ಹೆಚ್ಚು ಬರೆಯಬೇಕು. ಯಂತ್ರದಲ್ಲಿ ಕಸೂತಿ ಹಾಕಿದ ಕವರ್ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅದರ ಕಾಲುಭಾಗಕ್ಕೆ ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ? ಮಾರಾಟವಾಗದಿದ್ದಾಗ ಮೊದಲ ಕತ್ತರಿ ಬೀಳುವುದು ಕೂಲಿಗೆ. ಹದಿನಾಲ್ಕು ಗಂಟೆಗೆ ಮುನ್ನೂರು ರೂಪಾಯಿ ಕೊಟ್ಟು ‘ಸಬಲೀಕರಣ’ ಎಂದು ಬ್ಯಾನರ್ ಕಟ್ಟುವವರೂ ಇದ್ದಾರೆ.

ಅದೇ ಕೈಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯುವ ಪುಟ್ಟ ಪರ್ಸಿನ ಮೇಲೆ ಬರಲಿ. ಕೂಲಿ 120, ಸಾಮಗ್ರಿ 40, ಒಟ್ಟು 160. ಅಂಗಡಿಯ ಪಾಲು ಸೇರಿಸಿದರೂ 270 ರೂಪಾಯಿಗೆ ಮಾರಬಹುದು, ಮತ್ತು ಆ ಬೆಲೆಗೆ ಬೆಂಗಳೂರಿನಲ್ಲಿ ಗಿರಾಕಿ ಸಿಗುತ್ತಾರೆ. ಗಂಟೆಗಳು ಕಡಿಮೆ ಇರಬೇಕು, ಕೈಯ ಕೆಲಸ ಎದ್ದು ಕಾಣಬೇಕು. ನನ್ನ ಮಟ್ಟಿಗೆ ವಸ್ತು ಆರಿಸುವ ಸೂತ್ರ ಇದೊಂದೇ. ಗಂಟೆಯ ದರ ಎಷ್ಟಿರಬೇಕು ಎಂಬುದಕ್ಕೆ ರಾಜ್ಯ ಸರ್ಕಾರ ಪ್ರಕಟಿಸುವ ಕನಿಷ್ಠ ವೇತನದ ಪಟ್ಟಿ ನೋಡಿ, ಅದಕ್ಕಿಂತ ಕೆಳಗಿಳಿಯಬೇಡಿ. ಬೇಗ ಮಾಡುವವರಿಗೂ ನಿಧಾನಿಗಳಿಗೂ ಒಂದು ವಸ್ತುವಿಗೆ ಇಷ್ಟು ಎಂಬ ಒಂದೇ ದರ ಇರುವುದರಿಂದ, ಮೂರು ಜನ ಮಾಡಿದ ಮಾದರಿಗಳ ಸಮಯ ಬರೆದಿಟ್ಟುಕೊಂಡು ಸರಾಸರಿಯ ಮೇಲೆ ದರ ಕಟ್ಟಿ.

ದೆಹಲಿಯಲ್ಲಿ ‘ಸಿಲಾಯಿವಾಲಿ’ ಎಂಬ ಸಂಸ್ಥೆ ಅಫ್ಘನ್ ನಿರಾಶ್ರಿತ ಮಹಿಳೆಯರಿಂದ ಬಟ್ಟೆಯ ಬೊಂಬೆಗಳನ್ನು ಮಾಡಿಸುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗಳ ತುಂಡು ಬಟ್ಟೆಯೇ ಅದಕ್ಕೆ ಸಾಮಗ್ರಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ‘ಮೇಡ್51’ ಎಂಬ ಹೆಸರಿನಲ್ಲಿ ಇಂಥ ವಸ್ತುಗಳಿಗೆ ಹೊರದೇಶದ ಮಾರುಕಟ್ಟೆ ಒದಗಿಸುತ್ತದೆ. ಹೆಸರಿನಲ್ಲಿರುವ 51, ಆ 1951ರ ಒಪ್ಪಂದದ ನೆನಪಿಗೆ. ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್ ಊರಾದ ನಮಗೆ ತುಂಡು ಬಟ್ಟೆಗೇನು ಬರ? ನವರಾತ್ರಿಗೆ ಮನೆಮನೆಯಲ್ಲಿ ಗೊಂಬೆ ಕೂರಿಸುವ ಊರೂ ಇದೇ.

ನಿಮ್ಮ ಸಂಘಕ್ಕೆ ಇದಕ್ಕಿಂತ ಹತ್ತಿರದ ದಾರಿ ತಾಂಬೂಲದ ಚೀಲ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೆ ಎಷ್ಟು ಮದುವೆ, ಗೃಹಪ್ರವೇಶ, ಉಪನಯನ, ನಾಮಕರಣಗಳು ನಡೆಯುತ್ತವೆ, ಯೋಚಿಸಿ. ಪ್ರತಿಯೊಂದಕ್ಕೂ ನೂರಾರು ಚೀಲ ಬೇಕು. ಬರಿ ಹೊಲಿದ ಚೀಲದಲ್ಲಿ ಚಿಕ್ಕಪೇಟೆಯ ಸಗಟು ಬೆಲೆಯ ಮುಂದೆ ಯಾರೂ ನಿಲ್ಲಲಾರರು, ಅದನ್ನು ಪ್ರಯತ್ನಿಸಲೇಬೇಡಿ. ಚೀಲವನ್ನು ಚಿಕ್ಕಪೇಟೆಯಿಂದಲೇ ತನ್ನಿ. ಮೂಲೆಯಲ್ಲೊಂದು ಪುಟ್ಟ ಹೂವನ್ನೋ ಚೌಕದ ವಿನ್ಯಾಸವನ್ನೋ ಅವರು ಹಾಕಲಿ. ಎಲ್ಲರಿಗೂ ಕೊಡುವ ಚೀಲಕ್ಕೆ ಇದು ದುಬಾರಿಯೆನಿಸಿದರೆ ಹತ್ತಿರದ ಐವತ್ತು ಮುತ್ತೈದೆಯರಿಗೆ ಮಾತ್ರ ಕಸೂತಿಯದು, ಉಳಿದವರಿಗೆ ಸಾದಾ. ಹಳೆಯ ಸೀರೆಗಳ ಕೌದಿಯೂ ಒಳ್ಳೆಯ ಯೋಚನೆ: ಸೀರೆ ನಿಮ್ಮದು, ಹೊಲಿಗೆ ಅವರದು, ಸಾಮಗ್ರಿಯ ಖರ್ಚೇ ಇಲ್ಲ. ಕೌದಿ ಹೊಲಿಯಲು ಗಂಟೆಗಳು ಹೆಚ್ಚು ಬೇಕು, ಮೇಲಿನ ಸೂತ್ರಕ್ಕೆ ಹೊಂದುವುದಿಲ್ಲ, ನಿಜ. ಆದರೆ ಅಮ್ಮನ ಸೀರೆಯ ಕೌದಿಗೆ ಯಾರೂ ಚೌಕಾಸಿ ಮಾಡುವುದಿಲ್ಲ.

ಆರ್ಡರ್ ಕೊಡುವಾಗ ಅರ್ಧ ಹಣ ಮುಂಗಡ ಕೊಡಿ, ಉಳಿದದ್ದನ್ನು ವಸ್ತು ಕೈಗೆ ಬಂದ ದಿನವೇ ಕೊಡಿ. ಮಾರಾಟವಾದ ಮೇಲೆ ಹಣ ಎನ್ನುವ ಅಂಗಡಿಗಳ ಪದ್ಧತಿ ಇವರಿಗೆ ಒಗ್ಗದು. ಎರಡು ತಿಂಗಳು ಕಾಯುವ ಶಕ್ತಿ ಅವರಿಗಿಲ್ಲ. ಆ ಕಾಯುವ ಭಾರವನ್ನು ನಿಮ್ಮ ಸಂಘದ ಹಣ ಹೊರಲಿ. ಯಂತ್ರಕ್ಕೆ ಹಾಕಿದ ಹಣ ಒಂದು ಸಲಕ್ಕೆ ಮುಗಿಯುತ್ತದೆ, ಮುಂಗಡಕ್ಕೆ ಹಾಕಿದ್ದು ತಿರುಗಿ ಬಂದು ಮುಂದಿನ ಆರ್ಡರಿಗೆ ಆಗುತ್ತದೆ. ಒಂದೆರಡು ಆರ್ಡರ್ ಮುಗಿದು ಅವರೇ ಬಾಯಿಬಿಟ್ಟು ಯಂತ್ರ ಕೇಳಿದರೆ, ಆಗ ಕೊಡಿಸಿ. ಆಗ ಯಾವುದು ಬೇಕೆಂದು ಅವರಿಗೆ ತಿಳಿದಿರುತ್ತದೆ; ಬಹಳ ಸಲ ಬೇಕಿರುವುದು ಸಾದಾ ಯಂತ್ರವಲ್ಲ, ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್.

ಹಣ ಯಾರ ಕೈಗೆ ಹೋಗುತ್ತದೆ ಎಂಬುದನ್ನೂ ಗಮನಿಸಿ. ಬ್ಯಾಂಕ್ ಖಾತೆ ತೆರೆಯುವುದು ಇವರಿಗೆ ಸುಲಭವಲ್ಲ. ಆಧಾರ್ ಟಿಬೆಟನ್ನರಿಗೆ ಸಿಕ್ಕಷ್ಟು ಸುಲಭವಾಗಿ ಬೇರೆಯವರಿಗೆ ಸಿಗುವುದಿಲ್ಲ. ಆದ್ದರಿಂದ ಗಂಡನ ಅಥವಾ ಮೈದುನನ ಮೊಬೈಲಿಗೆ ಕಳುಹಿಸಿ ಕೈತೊಳೆದುಕೊಳ್ಳುವುದು ರೂಢಿ. ಕೆಲವು ಮನೆಗಳಲ್ಲಿ ಅದರಿಂದ ತೊಂದರೆಯಿಲ್ಲ, ಕೆಲವೆಡೆ ದುಡಿದವಳಿಗೆ ಎಷ್ಟು ಬಂತೆಂದೇ ತಿಳಿಯುವುದಿಲ್ಲ. ನಗದು ಕೊಡಿ, ಎರಡು ಪುಸ್ತಕವಿರಲಿ, ಒಂದು ಆಕೆಯ ಬಳಿ, ಒಂದು ನಿಮ್ಮ ಬಳಿ, ಎರಡರಲ್ಲೂ ಇಬ್ಬರ ಸಹಿ. ಜಿಎಸ್‌ಟಿ ಬಗ್ಗೆ ಈಗಲೇ ತಲೆಕೆಡಿಸಿಕೊಳ್ಳಬೇಡಿ. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ.

‘ನಿರಾಶ್ರಿತರು ಮಾಡಿದ್ದು’ ಎಂಬ ಚೀಟಿ ಅಂಟಿಸಬೇಕೇ ಎಂದೂ ಕೇಳುತ್ತಾರೆ. ಬೇಡ ಎನ್ನುವುದು ನನ್ನ ಅಭಿಪ್ರಾಯ. ಮರುಕದಿಂದ ಒಮ್ಮೆ ಕೊಂಡವರು ಎರಡನೇ ಸಲ ಬರುವುದು ಹೊಲಿಗೆ ಚೆನ್ನಾಗಿದ್ದರೆ ಮಾತ್ರ. ಮುಖದ ಫೋಟೊ, ಊರಿನ ಹೆಸರು ಇನ್‌ಸ್ಟಾಗ್ರಾಮಿನಲ್ಲಿ ಹೋದರೆ ಹಿಂದೆ ಉಳಿದ ಬಂಧುಗಳಿಗೆ ಅಪಾಯವಾಗಬಹುದು. ಕೈಗಳ ಫೋಟೊ ಸಾಕು, ಅದೂ ಕೇಳಿ ಅನುಮತಿ ಪಡೆದ ಮೇಲೆ.

ಕೈಕೆಲಸವೇ ಕೊನೆಯವರೆಗಿನ ಜೀವನೋಪಾಯವಾಗಬೇಕೆಂದೂ ಹಟ ಬೇಡ. 1959ರಲ್ಲಿ ಟಿಬೆಟನ್ನರು ಬಂದಾಗ ಅದೇ ವರ್ಷದ ಅಕ್ಟೋಬರಿನಲ್ಲಿ ಡಾರ್ಜಿಲಿಂಗಿನಲ್ಲಿ ಅವರ ಸ್ವಾವಲಂಬನ ಕೇಂದ್ರ ಶುರುವಾಯಿತು. ನಮ್ಮ ಬೈಲಕುಪ್ಪೆ, ಮುಂಡಗೋಡುಗಳಲ್ಲೂ ರತ್ನಗಂಬಳಿ ನೇಯುವ ಕೇಂದ್ರಗಳಾದವು. ಸಲಾಕೆಗೆ ಉಣ್ಣೆ ಸುತ್ತಿ, ಸಾಲು ಮುಗಿದ ಮೇಲೆ ಚಾಕುವಿನಿಂದ ಕತ್ತರಿಸುವ ಅವರ ಗಂಟಿನ ಕ್ರಮವೇ ಬೇರೆ. ಆದರೆ ಬಹಳಷ್ಟು ಕುಟುಂಬಗಳನ್ನು ಸಾಕಿದ್ದು ಚಳಿಗಾಲದ ಸ್ವೆಟರ್ ವ್ಯಾಪಾರ. ಮೊದಮೊದಲು ಕೈಯಿಂದ ಹೆಣೆದು ಮಾರುತ್ತಿದ್ದವರು ಆಮೇಲೆ ಲೂಧಿಯಾನದ ಕಾರ್ಖಾನೆಗಳಿಂದ ತಂದು ಮಾರತೊಡಗಿದರು. ಕರಕುಶಲದ ಅಭಿಮಾನಿಗಳಿಗೆ ಇದು ಬೇಸರ ತರಬಹುದು. ಮಕ್ಕಳ ಶಾಲೆಯ ಫೀಸು ಕಟ್ಟುವವರಿಗೆ ತರುವುದಿಲ್ಲ.

ಕೊನೆಯದಾಗಿ ಪಂಚಾಂಗ. ದೀಪಾವಳಿಯ ಉಡುಗೊರೆಗೆ ಬೇಕಾದದ್ದನ್ನು ಆಷಾಢದಲ್ಲೇ ಹೇಳಿ. ಆಗ ಮದುವೆಗಳಿಲ್ಲದೆ ಚೀಲದ ಬೇಡಿಕೆ ಬಿದ್ದಿರುತ್ತದೆ, ಅವರ ಕೈಯೂ ಖಾಲಿ. ಅಫ್ಘನ್ ಮನೆಗಳಲ್ಲಿ ರಂಜಾನ್ ತಿಂಗಳಿಗೆ ಕೆಲಸ ಒಪ್ಪಿಸಬೇಡಿ, ಅಥವಾ ಅರ್ಧದಷ್ಟೇ ಒಪ್ಪಿಸಿ. ಶಾಲೆಗೆ ರಜೆಯಿದ್ದಾಗ ಮಕ್ಕಳು ಮನೆಯಲ್ಲಿರುತ್ತಾರೆ, ಕೆಲಸ ತಡವಾಗುತ್ತದೆ. ಮೊದಲ ಆರ್ಡರ್ ಚಿಕ್ಕದಿರಲಿ, ಐವತ್ತು ಚೀಲ ಸಾಕು, ಗಡುವು ಒಂದು ವಾರ ಸಡಿಲವಿರಲಿ. ಅದಕ್ಕೂ ಮೊದಲು ಮೂರು ಮಾದರಿ ಮಾಡಿಸಿ, ಮಾದರಿಗೂ ಕೂಲಿ ಕೊಡಿ.