ಗಟಾರ ನೀರಿನ ಪಾಲಕ್, ಜಿಂಕ್ ವೇಷದ ಕ್ಯಾಡ್ಮಿಯಂ

ಹುಬ್ಬಳ್ಳಿ ಸುತ್ತ ನಾಲಾಕ್ಕ ಪಂಪ್ ಹಚ್ಚಿ ಕಾಯಿಪಲ್ಲೆ ಬೆಳೆಯೋದು ಹೊಸಾದೇನಲ್ಲ, ನೀರೂ ಪುಕ್ಕಟೆ ಗೊಬ್ಬರಾನೂ ಪುಕ್ಕಟೆ, ರೈತರನ್ನ ಬೈಯಾಕ ನನಗ ಮನಸ್ಸಿಲ್ಲ. ಆದ್ರ "ಭೂಮಿತಾಯಿ ಎಲ್ಲಾ ನುಂಗಿ ಶುದ್ಧ ಮಾಡ್ತಾಳ" ಅಂತಾರಲ್ಲ, ಅದನ್ನ ಕೇಳಿದ್ರ ಸಂಕಟ ಆಗ್ತದ. ಸಗಣಿ ಕೊಳೀತದ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನ ಒಡದು ತಿಂತಾವ. ಗಟಾರ ನೀರಿನ ಜೋಡಿ ಬರೋ ಸೀಸ, ಕ್ಯಾಡ್ಮಿಯಂ ಅನ್ನೋ ವಿಷದ ಲೋಹ ಮೂಲವಸ್ತು, ಅವನ್ನ ಏನಂತ ಒಡೀಬೇಕು? ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರ್ತಾವ.

ಕ್ಯಾಡ್ಮಿಯಂದು ಬ್ಯಾರೆನ ಕಥಿ. 1817ರಾಗ ಜರ್ಮನಿಯ ಸ್ಟ್ರೋಮೆಯರ್ ಇದನ್ನ ಕಂಡುಹಿಡಿದಿದ್ದ ಜಿಂಕ್ ಕಾರ್ಬೊನೇಟಿನೊಳಗ, ಪೀರಿಯಾಡಿಕ್ ಟೇಬಲ್‌ನಾಗೂ ಜಿಂಕಿನ ಕೆಳಗಿನ ಮನಿನ ಇದರದು. ಪಾಲಕ್ ಬೇರಿಗೆ ಜಿಂಕ್ ಬೇಕು, ಅದಕ್ಕಂತ ಬೇರಿನಾಗ ಬಾಗಲಾ ಅದಾವ, ಊರ ಅಗಸಿ ಇದ್ದಂಗ. ಅಗಸಿ ಕಾಯಾಂವ ಮಾರಿ ನೋಡಂಗಿಲ್ಲ, ರುಮಾಲು ನೋಡಿ ಬಿಡ್ತಾನ, ಜಿಂಕಿನಂಗ ಎರಡು ಪ್ಲಸ್ ಚಾರ್ಜ್ ಇದ್ರ ಇದೂ ಒಳಗ ನುಸುಳ್ತದ. ಆಮ್ಯಾಲೆ ಬಸ್ಸಿನಾಗ ಟವೆಲ್ ಹಾಕಿ ಹಿಡಿದ ಸೀಟಿನ ಮ್ಯಾಲೆ ಬ್ಯಾರೆಯವ್ರು ಕುಂತಂಗ, ಜೀವಕೋಶದ ಕೆಲಸ ನಡಸೋ ಎಂಜೈಮಿನಾಗ ಜಿಂಕಿನ ಜಾಗಾ ಹಿಡೀತದ, ಕೆಲಸಾ ಮಾಡಂಗಿಲ್ಲ, ಎದ್ದೂ ಹೋಗಂಗಿಲ್ಲ. ನಮ್ಮ ಕಿಡ್ನ್ಯಾಗ ಸೇರಿದ್ದು ಅರ್ಧ ಆಗಾಕ 10ರಿಂದ 30 ವರ್ಷ ಬೇಕು.

ಜಪಾನಿನ ಜಿಂಜು ನದಿಗೆ ಜಿಂಕ್ ಗಣಿಯಿಂದ ಇದೇ ಕ್ಯಾಡ್ಮಿಯಂ ಬಂದು ಗದ್ದಿ ಸೇರ್ತು, ಆ ಅಕ್ಕಿ ಉಂಡ ಹೆಣ್ಮಕ್ಕಳ ಎಲಬು ಕೆಮ್ಮಿದ್ರೂ ಮುರೀತಿದ್ವು. ರೋಗದ ಹೆಸರ 'ಇತಾಯಿ ಇತಾಯಿ', ಅಂದ್ರ 'ನೋವು ನೋವು'. ಅಲ್ಲಿನ ಸರ್ಕಾರ ಒಪ್ಪಿಕೊಂಡಿದ್ದು 1968ಕ್ಕ.

ನಮ್ಮ ಗದಗ, ನವಲಗುಂದದ ಎರಿ ಹೊಲಕ್ಕ ಒಂದು ಪುಣ್ಯ ಅದ. ಎರಿ ಮಣ್ಣಿನ ಜೇಡಿ ಅಂದ್ರ ಖಡಕ್ ರೊಟ್ಟಿ ಒಟ್ಟಿದಂಗ ಪದರ ಪದರ, ಪದರಕ್ಕೆಲ್ಲ ಮೈನಸ್ ಚಾರ್ಜ್, ಪ್ಲಸ್ ಇರೋ ಲೋಹ ಅಲ್ಲೇ ಅಂಟಿಕೊಳ್ತದ, ಮ್ಯಾಲೆ ಸುಣ್ಣದಂಶಾನೂ ಹಿಡಿದಿರ್ತದ. ಕಲಘಟಗಿ ಕಡೆ ಕೆಂಪು ಮಣ್ಣು ಹುಳಿಯಾದಲ್ಲೆ ಹಿಡಿತ ಸಡಲ್ತದ. ಆದ್ರ ಎರಿ ಹಿಡಕೊಂಡದ ಅಂದ್ರ ಹೋತು ಅಂತಲ್ಲ, ಹೊಲದಾಗ ಜಿಂಕ್ ಕಡಿಮಿ ಬಿದ್ರ ಅಗಸ್ಯಾಗ ಕ್ಯಾಡ್ಮಿಯಂಗ ಪೈಪೋಟಿನೂ ಕಡಿಮಿ, ಜಿಂಕ್ ಕೊರತಿ ಅಂತೂ ನಮ್ಮ ಎರಿ ಹೊಲದಾಗ ಭಾಳ ಕಾಣ್ತದ. ಎರೆಹುಳಾ ಮಣ್ಣು ತಿಂದು ಮೈಯಾಗ ಕ್ಯಾಡ್ಮಿಯಂ ಕೂಡಿಸ್ತದ, ಎರೆಹುಳಾ ತಿನ್ನೋ ಹಕ್ಕಿಗೂ ಅದು ಹೋಗ್ತದ.

ಸಾಯಿಲ್ ಹೆಲ್ತ್ ಕಾರ್ಡ್‌ನಾಗ 12 ಅಂಶ ನೋಡ್ತಾರ, ಜಿಂಕ್ ಅದ, ಕ್ಯಾಡ್ಮಿಯಂ, ಸೀಸ ಇಲ್ಲ. ನಾಲಾ ನೀರು ಬಿಡಾವ್ರು ಲ್ಯಾಬಿಗೆ ಮಣ್ಣು ಒಯ್ದಾಗ ಈ ಎರಡನ್ನ ಬ್ಯಾರೆ ಹೇಳಿ ಬರಸ್ರಿ.